ಕಂಪನಿಯ ಏಕಸ್ವಾಮ್ಯ ಹೋಯಿತು, ಯುದ್ಧನೌಕೆ ಬಂತು: ಕ್ಯಾಂಟನ್‌ನಲ್ಲಿ ನಿಜಕ್ಕೂ ಆಗಿದ್ದೇನು?

ಹಳೇನಾಣ್ಯ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಅನುಮಾನ ತಲೆ ತಿನ್ನುತ್ತಿದೆ.

ಚೀನಾ ವ್ಯಾಪಾರದ ಮೇಲೆ ಈಸ್ಟ್ ಇಂಡಿಯಾ ಕಂಪನಿಗಿದ್ದ ಏಕಸ್ವಾಮ್ಯವನ್ನು 1833ರ ಸನ್ನದು ಕಾಯ್ದೆ ಕಿತ್ತುಹಾಕಿತು. 1834ರ ಏಪ್ರಿಲ್‌ನಿಂದ ಯಾವ ಬ್ರಿಟಿಷ್ ವರ್ತಕ ಬೇಕಾದರೂ ಕ್ಯಾಂಟನ್‌ಗೆ (ಈಗಿನ ಗುವಾಂಗ್‌ಝೌ) ಹೋಗಿ ಚಹಾ ಕೊಳ್ಳಬಹುದಾಗಿತ್ತು. ಆಮೇಲೆ ಬರೀ ಆರು ವರ್ಷ. 1840ರ ಜೂನ್‌ನಲ್ಲಿ ಮೊದಲ ಅಫೀಮು ಯುದ್ಧಕ್ಕೆ ಬ್ರಿಟಿಷ್ ನೌಕಾಪಡೆ ಚೀನಾದ ಬಾಗಿಲಲ್ಲಿ ನಿಂತಿತ್ತು.

ಏಕಸ್ವಾಮ್ಯ ಕೆಟ್ಟದ್ದು, ಮುಕ್ತ ವ್ಯಾಪಾರ ಇದ್ದಲ್ಲಿ ಶಾಂತಿ ಇರುತ್ತದೆ ಅಂತ ಕಾಲೇಜಿನಲ್ಲಿ ಬಾಯಿಪಾಠ ಮಾಡಿದವನು ನಾನು. ಇಲ್ಲಿ ನೋಡಿದರೆ ಪೂರಾ ಉಲ್ಟಾ. ಇದು ಕಾಕತಾಳೀಯವೋ, ಒಂದಕ್ಕೊಂದು ಸಂಬಂಧ ಇದೆಯೋ? ತಿಳಿದವರು ಹೇಳಿ.

ಚಾ_ಕುಡುಕ

ಸಂಬಂಧ ಇದೆ ಸಾರ್. ಆದರೆ ಅಲ್ಲಿದ್ದದ್ದು ಒಂದು ಏಕಸ್ವಾಮ್ಯ ಅಲ್ಲ, ಎರಡು. ಎದುರುಬದುರು ಕೂತಿದ್ದವು.

1757ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿ, ಪಶ್ಚಿಮದ ಹಡಗುಗಳು ಕ್ಯಾಂಟನ್‌ಗೆ ಮಾತ್ರ ಬರಲಿ ಅಂತ ಅಪ್ಪಣೆ ಮಾಡಿದ. ಅಲ್ಲೂ ಕಂಡಕಂಡವರ ಹತ್ತಿರ ಕೊಳ್ಳುವ ಹಾಗಿರಲಿಲ್ಲ. ಸರ್ಕಾರದ ಪರವಾನಗಿ ಇರುವ ಕೆಲವೇ ಮನೆತನಗಳು, ಅವರ ಕೂಟಕ್ಕೆ ಕೋಹಾಂಗ್ ಅಂತ ಹೆಸರು. ಬಂದ ಪ್ರತಿ ಹಡಗಿಗೂ ಈ ಕೂಟದ ಒಬ್ಬ ವರ್ತಕ, ಅಂದರೆ ಹಾಂಗ್ ವರ್ತಕ, ಜಾಮೀನು ನಿಲ್ಲಬೇಕು. ನಾವಿಕ ಕುಡಿದು ಗಲಾಟೆ ಮಾಡಿದರೂ, ಸುಂಕ ಬಾಕಿ ಉಳಿದರೂ ಅದು ಜಾಮೀನುದಾರನ ತಲೆಗೆ.

ಹಡಗು ವಾಂಪೋವಾದಲ್ಲಿ ಲಂಗರು ಹಾಕಿದ ಮೇಲೆ ಸುಂಕದ ದೊಡ್ಡ ಅಧಿಕಾರಿ ದೋಣಿಯಲ್ಲಿ ಬರುತ್ತಿದ್ದ. ಅವನಿಗೆ ವಿದೇಶಿಯರು ಇಟ್ಟ ಹೆಸರು ಹೊಪ್ಪೊ. ಅವನ ಆಳುಗಳು ಅಳತೆಪಟ್ಟಿ ಹಿಡಿದು ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಉದ್ದ, ನಡುಗಂಬದ ಹತ್ತಿರ ಅಗಲ ಅಳೆಯುತ್ತಿದ್ದರು. ಎರಡನ್ನೂ ಗುಣಿಸಿ ಸುಂಕ. ಅದರ ಮೇಲೆ 1,950 ತೇಲ್ (ಚೀನಾದ ತೂಕದ ಅಳತೆ) ಬೆಳ್ಳಿ 'ಕಾಣಿಕೆ'. ಹಡಗು ಚಿಕ್ಕದಾದರೂ ಅಷ್ಟೇ, ದೊಡ್ಡದಾದರೂ ಅಷ್ಟೇ. ಗದ್ದೆ ಅಳತೆಗೆ ಬಂದ ಶಾನುಭೋಗರು ನೆನಪಾದರೆ ತಪ್ಪಿಲ್ಲ.

ವಿದೇಶಿಯರು ಊರಿನ ಗೋಡೆಯ ಹೊರಗೆ, ನದಿ ದಂಡೆಯ ಹದಿಮೂರು ಕೋಠಿಗಳಲ್ಲಿ ಇರಬೇಕು. ಹೆಂಡತಿಯನ್ನು ಕರೆತರುವ ಹಾಗಿಲ್ಲ. ವ್ಯಾಪಾರದ ಕಾಲ ಮುಗಿದರೆ ಗಂಟುಮೂಟೆ ಕಟ್ಟಿ ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ಗೆ. ಅವರಿಗೆ ಚೀನಿ ಭಾಷೆ ಕಲಿಸಿದವನಿಗೆ ಶಿಕ್ಷೆ. 1759ರಲ್ಲಿ ಕಂಪನಿಯ ಜೇಮ್ಸ್ ಫ್ಲಿಂಟ್ ಎಂಬವನು ನೇರ ಉತ್ತರಕ್ಕೆ ಹೋಗಿ ದೂರು ಕೊಟ್ಟ. ಅವನಿಗೆ ಮಕಾವ್‌ನಲ್ಲಿ ಮೂರು ವರ್ಷ ಸೆರೆ. ದೂರು ಬರೆದುಕೊಟ್ಟ ಚೀನಿಯವನ ತಲೆಯೇ ಹೋಯಿತು.

ಈ ಕಡೆ ಕಂಪನಿ. 1813ರಲ್ಲಿ ಭಾರತದ ವ್ಯಾಪಾರವನ್ನು ಎಲ್ಲರಿಗೂ ತೆರೆದಾಗಲೂ ಚೀನಾ ಮತ್ತು ಚಹಾ ಮಾತ್ರ ಅದರ ಕೈಯಲ್ಲೇ ಉಳಿಯಿತು. ಬ್ರಿಟನ್ ಸರ್ಕಾರದ ವರಮಾನದ ಸುಮಾರು ಹತ್ತರಲ್ಲೊಂದು ಪಾಲು ಚಹಾ ಸುಂಕದಿಂದಲೇ ಬರುತ್ತಿತ್ತು. ಒಂದು ವರ್ಷ ಕ್ಯಾಂಟನ್ ಬಾಗಿಲು ಮುಚ್ಚಿದರೆ ಲಂಡನ್ನಿನ ಖಜಾನೆಗೇ ಪೆಟ್ಟು. ಹಾಗಾಗಿ ಕಂಪನಿಯವರು ಏನೇ ಅವಮಾನ ಆದರೂ ನುಂಗಿಕೊಂಡು ಚಹಾ ತುಂಬಿಸಿಕೊಂಡು ಬರುತ್ತಿದ್ದರು.

ನನ್ನ ಮಾತು ಇಷ್ಟೇ: ವರ್ತಕ ಅವಮಾನ ನುಂಗುತ್ತಾನೆ, ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ರಾಜನ ಅಧಿಕಾರಿ ನುಂಗುವುದಿಲ್ಲ. 1834ರಲ್ಲಿ ವರ್ತಕ ಎದ್ದು ಹೋದ ಕುರ್ಚಿಯಲ್ಲಿ ರಾಜನ ಅಧಿಕಾರಿ ಬಂದು ಕೂತ.

ಗಡಿನಾಡು

ವಿಷಯಾಂತರಕ್ಕೆ ಕ್ಷಮೆ ಇರಲಿ. ನಮ್ಮ ಬೆಳಗಾವಿ ಕಡೆ 'ಚಹಾ', ಬೆಂಗಳೂರು ಕಡೆ 'ಟೀ'. ಎರಡೂ ಚೀನಾದ್ದೇ ರೀ. 'ಚಾ' ಕ್ಯಾಂಟನ್ ಕಡೆಯ ಉಚ್ಚಾರ. 'ಟೆ' ಅಮೋಯ್ ಕಡೆಯದು, ಡಚ್ಚರ ಬಾಯಿಂದ ಯುರೋಪಿಗೆ ಹೋಗಿ, ಇಂಗ್ಲಿಷರ ಬಾಯಿಂದ ನಮಗೆ ಬಂತು. ಚಹಾ ಮುಂದುವರಿಸಿ.

ಕುಡ್ಲದವ

ಮಂಗಳೂರಿನ ಒಂದು ಎಳೆ ಇದೆ ಮಾರಾಯ್ರೆ, ಅದನ್ನು ಹೇಳದೆ ಬಿಡಲು ಮನಸ್ಸು ಬರುವುದಿಲ್ಲ.

1793ರಲ್ಲಿ ಚಿಯೆನ್‌ಲುಂಗ್ ಹತ್ತಿರ ಹೋದ ಬ್ರಿಟನ್ನಿನ ಮೊದಲ ರಾಯಭಾರಿ ಲಾರ್ಡ್ ಮೆಕಾರ್ಟ್ನಿ. ಆ ಮನುಷ್ಯ ಅದಕ್ಕೂ ಮೊದಲು ಮದರಾಸಿನ ಗವರ್ನರ್ ಆಗಿದ್ದವನು. ಎರಡನೇ ಮೈಸೂರು ಯುದ್ಧ ಮುಗಿಸಲು ಟಿಪ್ಪುವಿನ ಹತ್ತಿರ ಮೂರು ಜನ ಕಮಿಷನರುಗಳನ್ನು ಕಳಿಸಿದ್ದ. 1784ರ ಮಾರ್ಚ್ 11ರಂದು ಮಂಗಳೂರು ಒಪ್ಪಂದ ಆಯಿತು. ಆ ಮೂವರಲ್ಲಿ ಒಬ್ಬ ಜಾರ್ಜ್ ಸ್ಟಾಂಟನ್. ಚೀನಾಕ್ಕೆ ಹೋಗುವಾಗ ಮೆಕಾರ್ಟ್ನಿ ಕಾರ್ಯದರ್ಶಿಯಾಗಿ ಕರೆದುಕೊಂಡು ಹೋದದ್ದು ಇದೇ ಸ್ಟಾಂಟನ್‌ನನ್ನು.

ಇಂಗ್ಲಿಷರು ಬರಿತಲೆಯಲ್ಲಿ, ಕೈಯಲ್ಲಿ ಒಪ್ಪಂದದ ಪತ್ರ ಹಿಡಿದು ಕಾದು ನಿಂತಿದ್ದರು ಅಂತ ಮೈಸೂರಿನ ಕಡೆಯವರು ಹೇಳಿಕೊಂಡರು. ಸುಮಾರು ಹತ್ತು ವರ್ಷದ ಮೇಲೆ ಚಕ್ರವರ್ತಿಯ ಬೇಸಿಗೆ ಅರಮನೆ ಇದ್ದ ಜೆಹೋಲ್‌ನಲ್ಲಿ ಮತ್ತೆ ಅದೇ ತಕರಾರು: ಎಷ್ಟು ಬಗ್ಗಬೇಕು? ಚೀನಾದ ರಿವಾಜು ಮೂರು ಸಲ ಮಂಡಿಯೂರಿ ಒಂಬತ್ತು ಸಲ ನೆಲಕ್ಕೆ ಹಣೆ ಮುಟ್ಟಿಸುವುದು. ಮೆಕಾರ್ಟ್ನಿ ಒಂದು ಮಂಡಿ ಮಾತ್ರ ಊರಿದ.

ಸ್ಟಾಂಟನ್‌ನ ಹನ್ನೆರಡು ವರ್ಷದ ಮಗನೂ ಜೊತೆಗಿದ್ದ. ಹಡಗಿನಲ್ಲೇ ಚೀನಿ ಕಲಿತಿದ್ದ ಹುಡುಗ. ಚಕ್ರವರ್ತಿಯ ಎದುರು ಚೀನಿಯಲ್ಲಿ ಎರಡು ಮಾತಾಡಿದ. ಮುದುಕ ಖುಷಿಯಾಗಿ ತನ್ನ ಸೊಂಟದ ಹಳದಿ ಚೀಲ ಬಿಚ್ಚಿ ಕೊಟ್ಟ. ಅದು ಎಂಥ ಚೀಲ ಗೊತ್ತುಂಟಾ? ಅಡಿಕೆ ಇಟ್ಟುಕೊಳ್ಳುವ ಚೀಲ!

ಮಲೆನಾಡಮನೆ

ಅಡಿಕೆ ಚೀಲವಾ! ನಮ್ಮಜ್ಜ ಇದ್ದಿದ್ದರೆ ಚಕ್ರವರ್ತಿಗೆ ಅಲ್ಲೇ ಪಾಸ್ ಮಾರ್ಕ್ಸ್ ಕೊಡುತ್ತಿದ್ದರು.

ಹಳೇನಾಣ್ಯ

@ಕುಡ್ಲದವ ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಒಂದು ಪ್ರಶ್ನೆ. ಮೆಕಾರ್ಟ್ನಿ ರಾಜನ ಪ್ರತಿನಿಧಿಯೋ, ಕಂಪನಿಯ ಪ್ರತಿನಿಧಿಯೋ?

ಚಾ_ಕುಡುಕ

ಅಲ್ಲೇ ಇರುವುದು ತಮಾಷೆ. ಪತ್ರ ಮೂರನೇ ಜಾರ್ಜ್‌ನದು, ಯುದ್ಧನೌಕೆ ಲಯನ್ ರಾಜನದು. ಖರ್ಚು ಮಾತ್ರ ಕಂಪನಿಯದು. ದುಡ್ಡು ಕೊಟ್ಟವರಿಗೆ ಒಳಗೊಳಗೇ ಪುಕುಪುಕು. ಈ ದೊಡ್ಡ ಮನುಷ್ಯ ಹೋಗಿ ಏನಾದರೂ ಎಡವಟ್ಟು ಮಾಡಿ, ಇರುವ ವ್ಯಾಪಾರಕ್ಕೂ ಕಲ್ಲು ಬಿದ್ದರೆ?

ಕೇಳಿದ್ದೂ ಸಣ್ಣದಲ್ಲ. ನಿಂಗ್ಬೋ, ಚೂಸಾನ್, ತಿಯೆನ್‌ಚಿನ್‌ನಲ್ಲಿ ವ್ಯಾಪಾರಕ್ಕೆ ಅವಕಾಶ, ಸರಕು ಇಡಲು ಚೂಸಾನ್ ಹತ್ತಿರ ಒಂದು ಸಣ್ಣ ದ್ವೀಪ, ಬೀಜಿಂಗ್‌ನಲ್ಲಿ ಕಾಯಂ ರಾಯಭಾರಿ. ಒಂದೂ ಸಿಗಲಿಲ್ಲ. ನಮ್ಮಲ್ಲಿ ಎಲ್ಲ ಇದೆ, ನಿಮ್ಮ ಸಾಮಾನು ನಮಗೆ ಬೇಕಿಲ್ಲ ಎನ್ನುವ ಧಾಟಿಯ ಪತ್ರ ಹಿಡಿದು ವಾಪಸ್ ಬಂದರು. ಅವರನ್ನು ಕರೆದೊಯ್ದ ದೋಣಿಗಳ ಬಾವುಟದಲ್ಲಿ 'ಕಪ್ಪ ತಂದ ರಾಯಭಾರಿ' ಅಂತ ಚೀನಿಯಲ್ಲಿ ಬರೆದಿತ್ತು. ಮೆಕಾರ್ಟ್ನಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದ.

1816ರಲ್ಲಿ ಆಮ್ಹರ್ಸ್ಟ್ ಹೋದ. ಅವನಿಗೆ ಚಕ್ರವರ್ತಿಯ ದರ್ಶನವೇ ಆಗಲಿಲ್ಲ. ಅವನೇ ಮುಂದೆ ನಮ್ಮಲ್ಲಿ ಗವರ್ನರ್ ಜನರಲ್ ಆದ.

ಎರಡು ಸಲವೂ ರಾಯಭಾರ ಸೋತಿತು. ಎರಡು ಸಲವೂ ಚಹಾ ನಿಲ್ಲಲಿಲ್ಲ. ಕ್ಯಾಂಟನ್‌ನಲ್ಲಿ ಕಂಪನಿಯ ಗುಮಾಸ್ತರೂ ಹಾಂಗ್ ವರ್ತಕರೂ ತಮ್ಮ ಪಾಡಿಗೆ ಲೆಕ್ಕ ಬರೆಯುತ್ತಾ ಕೂತಿದ್ದರು.

ವಾದಕ್ಕೆ_ಬಂದೆ

ಎಲ್ಲರೂ ಸೇರಿ ಕಂಪನಿಗೆ ಒಳ್ಳೇ ನಡತೆಯ ಸರ್ಟಿಫಿಕೇಟ್ ಕೊಡುತ್ತಿದ್ದೀರಿ. ಅಫೀಮಿನ ಮಾತೇ ಇಲ್ಲವಲ್ಲ?

ಚಹಾ ಕೊಳ್ಳಲು ಬೆಳ್ಳಿ ಬೇಕು. ಚೀನಾದವರು ಇಂಗ್ಲೆಂಡಿನ ಉಣ್ಣೆ ಬಟ್ಟೆ ಹೆಚ್ಚು ಕೊಳ್ಳುತ್ತಿರಲಿಲ್ಲ. ಕಂಪನಿ ಏನು ಮಾಡಿತು? ವಾರನ್ ಹೇಸ್ಟಿಂಗ್ಸ್ ಕಾಲದಲ್ಲಿ, 1773ರಲ್ಲಿ, ಬಂಗಾಳದ ಅಫೀಮಿನ ಮೇಲೂ ಏಕಸ್ವಾಮ್ಯ ಹಾಕಿತು. ಗಸಗಸೆ ಬೆಳೆಯುವ ರೈತ ಕಂಪನಿಗೇ ಮಾರಬೇಕು. ಪಟ್ನಾ, ಘಾಜಿಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿ, ಪೆಟ್ಟಿಗೆಗೆ ನಲವತ್ತು ಉಂಡೆಯಂತೆ ತುಂಬಿ, ಕಲ್ಕತ್ತಾದಲ್ಲಿ ಹರಾಜು. ಅಲ್ಲಿಗೆ ಕಂಪನಿ ಕೈತೊಳೆದುಕೊಂಡಿತು. ಕ್ಯಾಂಟನ್‌ಗೆ ಹೋಗುವ ತನ್ನ ಚಹಾ ಹಡಗಿನಲ್ಲಿ ಒಂದು ಉಂಡೆಯೂ ಇರುತ್ತಿರಲಿಲ್ಲ. ಯಾಕೆಂದರೆ ಚೀನಾದಲ್ಲಿ ಅಫೀಮು ನಿಷಿದ್ಧ!

ಸಾಗಿಸಿದವರು ಖಾಸಗಿ ವರ್ತಕರು. ಲಿಂಟಿನ್ ದ್ವೀಪದ ಹತ್ತಿರ ಹಡಗು ನಿಲ್ಲಿಸಿ, ಬೆಳ್ಳಿ ತೆಗೆದುಕೊಂಡು ಮಾಲು ಇಳಿಸುತ್ತಿದ್ದರು. ಆ ಬೆಳ್ಳಿಯನ್ನು ಕ್ಯಾಂಟನ್‌ನಲ್ಲಿ ಕಂಪನಿಯ ಖಜಾನೆಗೆ ಕಟ್ಟಿ ಲಂಡನ್ ಮೇಲೆ ಹುಂಡಿ ಪಡೆಯುತ್ತಿದ್ದರು. ಕಂಪನಿ ಅದೇ ಬೆಳ್ಳಿಯಲ್ಲಿ ಚಹಾ ಕೊಳ್ಳುತ್ತಿತ್ತು. ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲ ಅನ್ನುವ ಆಟ.

ಯುದ್ಧದ ಬೀಜ ಬಿತ್ತಿದ್ದು ಏಕಸ್ವಾಮ್ಯವೇ. 1834 ಬರೀ ಕೊಯ್ಲು.

ಚಾ_ಕುಡುಕ

ಒಪ್ಪಿದೆ. ಕಂಪನಿಯನ್ನು ಹೊಗಳುವ ಉದ್ದೇಶ ನನಗಿಲ್ಲ. ಯುದ್ಧಕ್ಕೆ ಕಾರಣ ಅಫೀಮು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಕಾರಣ ಮೊದಲಿಂದಲೂ ಇತ್ತಲ್ಲ? ಸರ್ಕಾರವೇ ಮೈಮೇಲೆ ಎಳೆದುಕೊಂಡು ಬಡಿದಾಡಿದ್ದು ಯಾಕೆ ಆಗಲೇ ಎನ್ನುವುದು ಮೂಲ ಪ್ರಶ್ನೆ.

ನೀವು ಹೇಳಿದ ಆ ಖಾಸಗಿ ವರ್ತಕರ ಒಂದು ಕರಾಮತ್ತು ಕೇಳಿ. ಕಂಪನಿಯ ಅನುಮತಿ ಇಲ್ಲದೆ ಬ್ರಿಟಿಷ್ ಪ್ರಜೆ ಕ್ಯಾಂಟನ್‌ನಲ್ಲಿ ಉಳಿಯುವ ಹಾಗಿರಲಿಲ್ಲ. ಅದಕ್ಕೆ ಅವರು ಬೇರೆ ದೇಶದ ಕಾನ್ಸಲ್ ಪದವಿ ಗಿಟ್ಟಿಸಿಕೊಂಡರು. ಚಾರ್ಲ್ಸ್ ಮ್ಯಾಗ್ನಿಯಾಕ್ ಪ್ರಷ್ಯಾದವನಾದ. ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಥಿಸನ್ ಡೆನ್ಮಾರ್ಕಿನ ಕಾನ್ಸಲ್ ಆದ! ನಾನು ರಾಯಭಾರಿ, ನನ್ನನ್ನು ಹೊರಹಾಕಲು ನೀವ್ಯಾರು ಅಂತ ಸ್ವಂತ ದೇಶದ ಕಂಪನಿಗೇ ಸವಾಲು. ಏಕಸ್ವಾಮ್ಯಕ್ಕೆ ಕನ್ನ ಕೊರೆಯಲು ರಾಜತಾಂತ್ರಿಕ ಪದವಿ. ಇದೇ ಮ್ಯಾಥಿಸನ್ 1832ರಲ್ಲಿ ಜಾರ್ಡಿನ್ ಜೊತೆ ಸೇರಿ ಕಟ್ಟಿದ್ದು ಜಾರ್ಡಿನ್ ಮ್ಯಾಥಿಸನ್ ಎಂಬ ವ್ಯಾಪಾರ ಸಂಸ್ಥೆ.

1834ರಲ್ಲಿ ಕಂಪನಿ ಹೋದ ಮೇಲೆ ಇವರನ್ನೆಲ್ಲ ನೋಡಿಕೊಳ್ಳಲು ರಾಜ ಕಳಿಸಿದ ಅಧಿಕಾರಿ ಲಾರ್ಡ್ ನೇಪಿಯರ್. ಜುಲೈನಲ್ಲಿ ಸೀದಾ ಕ್ಯಾಂಟನ್‌ಗೇ ಬಂದು ಇಳಿದ. ಅಲ್ಲಿನ ವೈಸರಾಯ್ ಲು ಕುನ್‌ಗೆ 'ಪತ್ರ' ಕೊಡುತ್ತೇನೆ ಅಂದ. ಚೀನಾದ ಕಡೆಯವರು, ಪತ್ರ ಅಲ್ಲ, 'ಬಿನ್ನವತ್ತಳೆ' ಅಂತ ಬರೆದುಕೊಂಡು ಬಾ, ಅದೂ ಹಾಂಗ್ ವರ್ತಕರ ಕೈಲಿ ಕಳಿಸು ಅಂದರು. ಕಂಪನಿಯವರು ಹಾಗೇ ಮಾಡುತ್ತಿದ್ದರು. ಅವರಿಗೆ ಮೇಲಿನ ತಲೆಬರಹ ಏನಾದರೇನು, ಚಹಾ ಬಂದರೆ ಸಾಕು. ನೇಪಿಯರ್ ಒಪ್ಪಲಿಲ್ಲ. ಅವನ ಆಳುಗಳು ಪತ್ರ ಹಿಡಿದು ಊರಬಾಗಿಲಲ್ಲಿ ಗಂಟೆಗಟ್ಟಲೆ ನಿಂತರು. ಅಧಿಕಾರಿಗಳು ಒಬ್ಬೊಬ್ಬರೇ ಬಂದರು, ನೋಡಿದರು, ಮುಟ್ಟದೆ ಹೋದರು.

ಅವನ ಹೆಸರಿಗೆ ಚೀನಿಯಲ್ಲಿ ಬಳಸಿದ ಅಕ್ಷರಗಳಿಗೆ 'ಕಷ್ಟಪಟ್ಟು ನೀಚನಾದವ' ಎನ್ನುವಂಥ ಅರ್ಥ ಬರುತ್ತಿತ್ತು. ಕೊನೆಗೆ ವ್ಯಾಪಾರ ಬಂದ್. ಎರಡು ಯುದ್ಧನೌಕೆ ನದಿಯೊಳಗೆ ನುಗ್ಗಿದವು, ಗುಂಡು ಹಾರಿತು. ಅಷ್ಟರಲ್ಲಿ ನೇಪಿಯರ್ ಜ್ವರ ಬಂದು ಮಲಗಿದ. ಅಕ್ಟೋಬರ್ 11ರಂದು ಮಕಾವ್‌ನಲ್ಲಿ ತೀರಿಕೊಂಡ. ಕಂಪನಿ ಹೋಗಿ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ!

ಮಲೆನಾಡಮನೆ

ನಮ್ಮ ಕಡೆಯಿಂದ ಕ್ಯಾಂಟನ್‌ಗೆ ಹೋಗುತ್ತಿದ್ದ ಮರ್ಯಾದಸ್ಥ ಸರಕೂ ಒಂದಿತ್ತು: ಶ್ರೀಗಂಧ. ಚೀನಾದ ದೇವಸ್ಥಾನಗಳ ಧೂಪಕ್ಕೆ, ಕೆತ್ತನೆಗೆ ಮಲಬಾರ್ ಕರಾವಳಿಯಿಂದ ಹಡಗು ಹತ್ತುತ್ತಿತ್ತು. ಮರ ಮಾತ್ರ ಮೈಸೂರು ಸೀಮೆಯದು. ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷ ಮಾಡಿ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡ. ಅವನೂ ಇದೇ ಆಟ ಬಲ್ಲವನು. ಮಸ್ಕತ್‌ನಲ್ಲಿ ಕೋಠಿ ಇಟ್ಟಿದ್ದ.

ಆ ಏಕಸ್ವಾಮ್ಯದ ಬಾಲ ನಮ್ಮ ಮನೆ ಹಿತ್ತಲವರೆಗೂ ಬಂದಿತ್ತು. ನಾನು ಚಿಕ್ಕವನಿದ್ದಾಗ ಬೇಲಿಯಲ್ಲಿ ತಾನಾಗಿ ಒಂದು ಗಂಧದ ಸಸಿ ಎದ್ದಿತ್ತು. ಅಜ್ಜ ಅದನ್ನು ರಾತ್ರೋರಾತ್ರಿ ಕಿತ್ತು ಎಸೆದರು. 'ಇದು ಬೆಳೆದರೆ ಮರ ಸರ್ಕಾರದ್ದು, ಕಳ್ಳ ಕಡಿದರೆ ಕೇಸು ನಮ್ಮದು' ಅಂದಿದ್ದರು. ಜಮೀನಿನವರಿಗೇ ಮರದ ಹಕ್ಕು ಅಂತ ಕರ್ನಾಟಕದಲ್ಲಿ ಕಾಯ್ದೆ ತಿದ್ದಿದ್ದು 2001ರಲ್ಲಿ. ಅಜ್ಜನಿಗೆ ಹಾಂಗ್ ವರ್ತಕರ ಕಷ್ಟ ಚೆನ್ನಾಗಿ ಅರ್ಥ ಆಗುತ್ತಿತ್ತು.

ಸರಕುಸಾಗಣೆ

ಬಟ್ಟೆ ವ್ಯಾಪಾರ ನನ್ನದು, ಗುವಾಂಗ್‌ಝೌಗೆ ನಾಲ್ಕೈದು ಸಲ ಹೋಗಿದ್ದೇನೆ. ಆ ಹದಿಮೂರು ಕೋಠಿಗಳ ಹೆಸರು ಈಗಲೂ ಅಲ್ಲಿದೆ. ಶಿಸಾನ್‌ಹಾಂಗ್ ರಸ್ತೆ ಅಂದರೆ 'ಹದಿಮೂರು ಹಾಂಗ್' ರಸ್ತೆ. ಈಗ ಸಗಟು ಬಟ್ಟೆ ಮಾರುಕಟ್ಟೆ. ಬೆಳಗಿನ ಜಾವವೇ ಶುರು. ಕಪ್ಪು ಪ್ಲಾಸ್ಟಿಕ್ ಮೂಟೆ ಹೇರಿದ ತಳ್ಳುಗಾಡಿಗಳು ಕಾಲ ಮೇಲೆ ಹತ್ತುವ ಹಾಗೆ ಬರುತ್ತವೆ. ಚಿಕ್ಕಪೇಟೆ ನೋಡಿದವರಿಗೆ ಗಾಬರಿ ಇಲ್ಲ. ನಾನು ಮೊದಲ ಸಲ ಹೋದಾಗ ಈ ಇತಿಹಾಸ ಗೊತ್ತಿರಲಿಲ್ಲ, ಚೌಕಾಸಿ ಮಾಡಿಕೊಂಡು ಬಂದೆ ಅಷ್ಟೇ.

1757ರಲ್ಲಿ ಕ್ಯಾಂಟನ್ ಒಂದೇ ಬಾಗಿಲು ಅಂದಿರಿ. ಮಾವೋ ಕಾಲದಲ್ಲಿ ಹೊರದೇಶದವರಿಗೆ ಅಂತ ಶುರುವಾದ ಕ್ಯಾಂಟನ್ ಮೇಳ 1957ರದ್ದು. ಸರಿಯಾಗಿ ಇನ್ನೂರು ವರ್ಷ! ಕಾಕತಾಳೀಯವೇ ಇರಬಹುದು. ಆದರೆ ಸ್ಥಳೀಯ ಜೊತೆಗಾರ ಇಲ್ಲದೆ ಒಳಗೆ ಬಿಡುವುದಿಲ್ಲ ಎನ್ನುವ ಅಭ್ಯಾಸ ಹಳೆಯದು. ಹೊರಗಿನ ಕಾರು ಕಂಪನಿ ಅಲ್ಲಿ ಕಾರ್ಖಾನೆ ಹಾಕಿದರೆ ಅರ್ಧಕ್ಕಿಂತ ಜಾಸ್ತಿ ಪಾಲು ಇಟ್ಟುಕೊಳ್ಳುವ ಹಾಗಿರಲಿಲ್ಲ. ಪ್ರಯಾಣಿಕರ ಕಾರುಗಳಿಗೆ ಆ ಮಿತಿ ಪೂರ್ತಿ ಹೋದದ್ದು 2022ರಲ್ಲಿ.

ಚಾ_ಕುಡುಕ

@ಸರಕುಸಾಗಣೆ ಹೋಲಿಕೆ ಚೆನ್ನಾಗಿದೆ, ಪೂರ್ತಿ ಒಪ್ಪಲಾರೆ. ಹಾಂಗ್ ವರ್ತಕ ಜೊತೆಗಾರ ಅಲ್ಲ, ಜಾಮೀನುದಾರ. ವಿದೇಶಿಯ ತಪ್ಪಿಗೆ ಅವನ ಕುತ್ತಿಗೆ. ಬರೀ ಮಾತಿಗೆ ಹೇಳಿದ್ದಲ್ಲ: 1839ರಲ್ಲಿ ಹಾಂಗ್ ವರ್ತಕರ ಹಿರಿಯ ಹೌಕ್ವಾನ ಕುತ್ತಿಗೆಗೆ ನಿಜವಾಗಿ ಕಬ್ಬಿಣದ ಸರಪಳಿ ಹಾಕಿ ವಿದೇಶಿಯರ ಕೋಠಿಗೆ ಕಳಿಸಿದರು. 1834ರಲ್ಲಿ ಅವನ ಆಸ್ತಿ ಅಂದಾಜು 2 ಕೋಟಿ 60 ಲಕ್ಷ ಡಾಲರ್. ಆ ಕಾಲಕ್ಕೆ ಪ್ರಪಂಚದ ಅತಿ ಶ್ರೀಮಂತ ವರ್ತಕರಲ್ಲಿ ಒಬ್ಬ.

ವಾದಕ್ಕೆ_ಬಂದೆ

1839ಕ್ಕೆ ಬಂದಿರಲ್ಲ, ಈಗ ನಾನು ಹೇಳುತ್ತೇನೆ.

ಅಫೀಮು ನಿಲ್ಲಿಸಲು ಚಕ್ರವರ್ತಿ ಕಳಿಸಿದ ಲಿನ್ ಝೆಷು ಮಾರ್ಚ್ 10ಕ್ಕೆ ಕ್ಯಾಂಟನ್ ತಲುಪಿದ. ಇದ್ದಬದ್ದ ಅಫೀಮನ್ನೆಲ್ಲ ಒಪ್ಪಿಸಿ ಅಂದ. ವಿದೇಶಿಯರು ಸ್ವಲ್ಪ ಕೊಟ್ಟು ಕೈತೊಳೆದುಕೊಳ್ಳಲು ನೋಡಿದರು. ಲಿನ್ ಕೋಠಿಗಳಿಗೆ ದಿಗ್ಬಂಧನ ಹಾಕಿದ. ಅಡುಗೆಯವರು, ಆಳುಗಳು ಎಲ್ಲ ಎದ್ದು ಹೋದರು. ಕೋಟ್ಯಧಿಪತಿಗಳು ತಾವೇ ಪಾತ್ರೆ ತೊಳೆದರು. ನನಗಂತೂ ಇದನ್ನು ಓದುವಾಗ ಸಮಾಧಾನವೇ ಆಯಿತು.

ಆಗ ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್ ಒಂದು ಕೆಲಸ ಮಾಡಿದ. ವರ್ತಕರೇ, ನಿಮ್ಮ ಅಫೀಮನ್ನು ನನಗೆ ಕೊಡಿ, ನಷ್ಟಕ್ಕೆ ಸರ್ಕಾರ ಹೊಣೆ ಅಂದ. ಒಟ್ಟು 20,283 ಪೆಟ್ಟಿಗೆ, ಸಾವಿರ ಟನ್ನಿಗೂ ಜಾಸ್ತಿ. ಲಿನ್ ಅದನ್ನು ಹೂಮೆನ್‌ನಲ್ಲಿ ಹೊಂಡ ತೋಡಿಸಿ, ನೀರು, ಉಪ್ಪು, ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಮೂರು ವಾರ ಹಿಡಿಯಿತು. ಗಲೀಜು ಮಾಡಿದ್ದಕ್ಕೆ ಸಮುದ್ರ ದೇವರ ಕ್ಷಮೆಯನ್ನೂ ಕೇಳಿದ.

@ಚಾ_ಕುಡುಕ ಇಲ್ಲಿ ನಿಮ್ಮ ಮಾತಿಗೆ ಸ್ವಲ್ಪ ಬಗ್ಗುತ್ತೇನೆ. ಎಲಿಯಟ್ ಆ ಮಾತು ಕೊಟ್ಟ ಗಳಿಗೆಗೆ ಕಳ್ಳಮಾಲು ರಾಣಿಯ ಮಾಲಾಯಿತು. ಕಂಪನಿಯ ಸಮಿತಿ ಅಲ್ಲಿದ್ದಿದ್ದರೆ, ಇದು ನಮ್ಮ ಹಡಗಿನದ್ದಲ್ಲ ಅಂತ ಜಾರಿಕೊಳ್ಳುತ್ತಿತ್ತು. ಅಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದವರು ಅವರು.

ಕುಡ್ಲದವ

ಆ ಹುಡುಗನ ಕಥೆ ಮುಗಿಸಿಬಿಡುತ್ತೇನೆ.

ಅಡಿಕೆ ಚೀಲ ಪಡೆದವ ದೊಡ್ಡವನಾಗಿ ಕಂಪನಿಯ ಕೆಲಸಕ್ಕೆ ಸೇರಿ ಕ್ಯಾಂಟನ್‌ಗೆ ಹೋದ, ಅಲ್ಲಿನ ಸಮಿತಿಗೆ ಮುಖ್ಯಸ್ಥನಾದ. 1816ರಲ್ಲಿ ಆಮ್ಹರ್ಸ್ಟ್ ಜೊತೆ ಹೋದಾಗ, ಹಣೆ ಮುಟ್ಟಿಸಬೇಡಿ ಅಂತ ಸಲಹೆ ಕೊಟ್ಟವನೂ ಇವನೇ. ಆಮೇಲೆ ಪಾರ್ಲಿಮೆಂಟ್ ಸದಸ್ಯ. 1840ರ ಏಪ್ರಿಲ್‌ನಲ್ಲಿ ಚೀನಾ ಯುದ್ಧದ ಚರ್ಚೆ ನಡೆದಾಗ ವಿರೋಧ ಪಕ್ಷದ ಗ್ಲ್ಯಾಡ್‌ಸ್ಟನ್ ಯುದ್ಧದ ವಿರುದ್ಧ ಗುಡುಗಿದ. ಚೀನಾವನ್ನು ಕಣ್ಣಾರೆ ಕಂಡು, ಅವರ ಭಾಷೆ ಕಲಿತಿದ್ದ ಸ್ಟಾಂಟನ್ ಎದ್ದು ನಿಂತು ಸರ್ಕಾರದ ಪರ ಮಾತಾಡಿದ. ಸರ್ಕಾರದ ವಿರುದ್ಧದ ನಿರ್ಣಯ 262ಕ್ಕೆ 271, ಒಂಬತ್ತೇ ಮತದಿಂದ ಬಿದ್ದುಹೋಯಿತು.

ಅಪ್ಪ ಮಂಗಳೂರಿನಲ್ಲಿ ಟಿಪ್ಪುವಿನ ಎದುರು ನಿಂತ. ಮಗ ಹೀಗೆ.

ಗಡಿನಾಡು

ಆ ಯುದ್ಧಕ್ಕೆ ಹೋದವರಲ್ಲಿ ನಮ್ಮವರೂ ಇದ್ದರು ರೀ. ಮದರಾಸು ಸೇನೆಯ 37ನೇ ಪಲ್ಟನ್ನಿನ ಒಂದು ತುಕಡಿ 1841ರ ಮೇ ತಿಂಗಳಲ್ಲಿ ಕ್ಯಾಂಟನ್ ಹೊರಗಿನ ಸಾನ್‌ಯುವಾನ್‌ಲಿ ಹತ್ತಿರ ಮಳೆಗೆ ಸಿಕ್ಕಿಹಾಕಿಕೊಂಡಿತು. ಬಂದೂಕು ನೆಂದು ಗುಂಡು ಹಾರಲಿಲ್ಲ, ಸುತ್ತ ಸಾವಿರಾರು ಹಳ್ಳಿಗರು ಈಟಿ ಹಿಡಿದು ಬಂದಿದ್ದರು. ಯುದ್ಧ ಮುಗಿಸಿದ ನಾನ್‌ಕಿಂಗ್ ಒಪ್ಪಂದ ಸಹಿಯಾದ ಹಡಗು ಕಾರ್ನ್‌ವಾಲಿಸ್ ಕೂಡ ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು, 1813ರದ್ದು. ಅಫೀಮು ನಮ್ಮದು, ಸಿಪಾಯಿ ನಮ್ಮವ, ಹಡಗೂ ನಮ್ಮದು. ಲಾಭ ಯಾರದೋ.

ಹಳೇನಾಣ್ಯ

ಅಬ್ಬಾ, ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು.

ಈಗ ನಾನ್‌ಕಿಂಗ್ ಒಪ್ಪಂದ ತೆರೆದುಕೊಂಡು ಕೂತಿದ್ದೇನೆ. 1842ರ ಆಗಸ್ಟ್ 29. ಐದು ಬಂದರು ತೆರೆಯಬೇಕು, ಹಾಂಗ್‌ಕಾಂಗ್ ಕೊಡಬೇಕು. ಐದನೇ ಕಲಮಿನಲ್ಲಿ ಕೋಹಾಂಗ್ ರದ್ದು. ಅಂದರೆ ಆ ಕಡೆಯ ಏಕಸ್ವಾಮ್ಯವೂ ಹೋಯಿತು. ಚಾ_ಕುಡುಕ ಹೇಳಿದ ಎರಡು ಕುರ್ಚಿಯೂ ಖಾಲಿ. ಅಫೀಮು ವ್ಯಾಪಾರ ಮುಂದೆ ಇರಬೇಕೋ ಬೇಡವೋ ಎನ್ನುವ ಬಗ್ಗೆ ಒಂದು ಸಾಲೂ ಇಲ್ಲ. ಆದರೆ ಸುಟ್ಟ ಅಫೀಮಿಗೆ 60 ಲಕ್ಷ ಡಾಲರ್ ಪರಿಹಾರ ಇದೆ. ಯುದ್ಧದ ಖರ್ಚು 1 ಕೋಟಿ 20 ಲಕ್ಷ. ಇನ್ನು 30 ಲಕ್ಷ ಹಾಂಗ್ ವರ್ತಕರ ಸಾಲ ಅಂತಿದೆ. ಕೋಹಾಂಗ್ ರದ್ದು ಮಾಡಿದವರೇ ಅವರ ಸಾಲವನ್ನೂ ವಸೂಲಿ ಮಾಡಿದರಾ? ಅದನ್ನು ಕಟ್ಟಿದ್ದು ಯಾರು?

ವಾದಕ್ಕೆ_ಬಂದೆ

ಸುಟ್ಟದ್ದಲ್ಲ, ಕರಗಿಸಿದ್ದು. ಮೇಲೆ ಬರೆದಿದ್ದೇನೆ ನೋಡಿ :)

ಚಾ_ಕುಡುಕ

ಕಟ್ಟಿಸಿಕೊಂಡದ್ದು ಹಾಂಗ್ ವರ್ತಕರಿಂದಲೇ ಸಾರ್. ಒಬ್ಬ ಮುಳುಗಿದರೆ ಉಳಿದವರು ಅವನ ಸಾಲ ತುಂಬಬೇಕು ಎನ್ನುವುದು ಕೋಹಾಂಗ್‌ನ ಹಳೇ ಕಟ್ಟಳೆ. ಕೂಟ ಹೋಯಿತು, ಕಟ್ಟಳೆ ಉಳಿಯಿತು. ಆ 30 ಲಕ್ಷದಲ್ಲಿ ಹೌಕ್ವಾ ಒಬ್ಬನೇ 10 ಲಕ್ಷ ಕೊಟ್ಟ. ಅದಕ್ಕೂ ಮೊದಲು, 1841ರಲ್ಲಿ, ಕ್ಯಾಂಟನ್ ಊರನ್ನು ಬಿಡಿಸಿಕೊಳ್ಳಲು ಕೊಟ್ಟ 60 ಲಕ್ಷದಲ್ಲೂ ಅವನದು 11 ಲಕ್ಷ ಇತ್ತು.

1843ರಲ್ಲಿ ತೀರಿಕೊಂಡ. ಅವನು ಮಾರಿದ ಚಹಾ ಅಂದರೆ ಹೊರದೇಶದಲ್ಲೂ ಒಳ್ಳೇ ಹೆಸರಿತ್ತು.